ಪದುಮ ಎಲ್ಲಿದ್ದಳು? ಪ್ರೇಮಕವಿತೆ ಓದುವ ಬಗೆ

ಕೆ.ಎಸ್. ನರಸಿಂಹಸ್ವಾಮಿಯವರ ‘ರಾಯರು ಬಂದರು ಮಾವನ ಮನೆಗೆ’ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಕ್ಯಾಸೆಟ್ಟಿನ ಕಾಲ ಹೋಗಿ ಮೊಬೈಲಿನ ಕಾಲ ಬಂದರೂ ಆ ಹಾಡು ಉಳಿದಿದೆ. ಅಳಿಯ ರಾತ್ರಿ ಹೊತ್ತು ಮಾವನ ಮನೆಗೆ ಬರುತ್ತಾನೆ. ಉಪಚಾರಕ್ಕೆ ಏನೂ ಕೊರತೆ ಇಲ್ಲ. ಆದರೆ ಯಾರನ್ನು ನೋಡಲು ಬಂದನೋ ಆ ಪದುಮ ಮಾತ್ರ ಕಾಣುವುದಿಲ್ಲ. ‘ಪದುಮಳು ಒಳಗಿಲ್ಲ’ ಎನ್ನುತ್ತದೆ ಪದ್ಯ. ಎಲ್ಲಿ ಹೋದಳು ಅನ್ನುವುದನ್ನು ಹೇಳುವುದಿಲ್ಲ. ಬೆಳಗಾಗುತ್ತದೆ. ರಾಯರು ಮುನಿಸಿನಿಂದ ಹೊರಡುತ್ತೇನೆ ಎನ್ನುತ್ತಾರೆ. ಒಳಮನೆಯಲ್ಲಿ ನೀರಾಯಿತು ಎಂದು ನಾದಿನಿ ರಾಗ ಎಳೆಯುತ್ತಾಳೆ. ಕೊನೆಗೆ ಪದುಮ ಹೂ ಮುಡಿದುಕೊಂಡು ರಾಯರ ಕೋಣೆಗೆ ಬರುತ್ತಾಳೆ.

ಇವತ್ತು ಈ ಹಾಡು ಕೇಳುವ ಎಷ್ಟೋ ಎಳೆಯರಿಗೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ರಾತ್ರಿಯೆಲ್ಲ ಅವಳು ಎಲ್ಲಿದ್ದಳು? ಗಂಡ ಬಂದಾಗ ಯಾಕೆ ಬರಲಿಲ್ಲ?

ಉತ್ತರ ಆ ಕಾಲದ ಮನೆಯ ಪದ್ಧತಿಯಲ್ಲಿದೆ. ಮುಟ್ಟಾದ ಹೆಂಗಸರು ತಿಂಗಳ ಮೂರು ದಿನ ‘ಹೊರಗೆ’ ಕೂರುತ್ತಿದ್ದರು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ‘ಒಳಗೆ’ ಬರುತ್ತಿದ್ದರು. ‘ಒಳಗಿಲ್ಲ’ ಅಂದರೆ ಏನು, ನೀರು ಕಾದದ್ದು ಯಾರಿಗೆ, ಹೂ ಮುಡಿದದ್ದು ಯಾಕೆ, ಎಲ್ಲವೂ ಆಗ ಒಟ್ಟಿಗೇ ತಿಳಿಯುತ್ತದೆ. ನಾದಿನಿಯ ತುಂಟತನವೂ ತಿಳಿಯುತ್ತದೆ. ಆ ಪದ್ಧತಿ ಎಷ್ಟೋ ಮನೆಗಳಲ್ಲಿ ನಿಂತುಹೋಗಿದೆ, ನಿಂತದ್ದು ಒಳ್ಳೆಯದೇ. ಆದರೆ ಅದನ್ನು ಅರಿಯದ ಓದುಗರಿಗೆ ಕವಿತೆಯ ಅರ್ಧ ಕಾಣುವುದೇ ಇಲ್ಲ.

ಪ್ರೇಮಕವಿತೆಯ ಗುಟ್ಟು ಇಲ್ಲಿದೆ. ಅದು ಪ್ರೀತಿಯನ್ನು ನೇರವಾಗಿ ಹೇಳುವುದು ಬಹಳ ಕಡಿಮೆ. ಕವಿಗೂ ಓದುಗನಿಗೂ ಮೊದಲೇ ಗೊತ್ತಿರುವ ಯಾವುದೋ ಒಂದು ಸಂಗತಿಯ ಮೇಲೆ ಭಾರ ಹಾಕಿ ಹೇಳುತ್ತದೆ. ಆ ಸಂಗತಿ ಒಂದು ಪದ್ಧತಿ ಇರಬಹುದು, ಒಂದು ಋತು ಇರಬಹುದು, ಒಂದು ಹೂವೂ ಇರಬಹುದು. ಅದನ್ನು ತಿಳಿದುಕೊಂಡರೆ ಎರಡು ಸಾವಿರ ವರ್ಷ ಹಳೆಯ ಪದ್ಯವೂ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುತ್ತದೆ.

‘ಹೋಗು’ ಅಂದರೆ ಹೋಗಬೇಡ, ‘ಬೇಡ’ ಅಂದರೆ ಬಾ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ದಖನ್ನಿನಲ್ಲಿ ಶಾತವಾಹನರು ಆಳುತ್ತಿದ್ದರು. ಗೋದಾವರಿ ದಡದ ಪ್ರತಿಷ್ಠಾನ, ಅಂದರೆ ಇಂದಿನ ಪೈಠಣ, ಅವರ ರಾಜಧಾನಿ. ಅವರಲ್ಲಿ ಒಬ್ಬನಾದ ಹಾಲರಾಜ ಪ್ರಾಕೃತ ಭಾಷೆಯ ಬಿಡಿ ಪದ್ಯಗಳನ್ನು ಒಟ್ಟು ಮಾಡಿಸಿದ ಎನ್ನುತ್ತಾರೆ. ಅದೇ ‘ಗಾಥಾಸಪ್ತಶತಿ’. ಸುಮಾರು 700 ಪದ್ಯ. ಒಂದೊಂದಕ್ಕೂ ಎರಡೇ ಸಾಲು. ರಾಜ ರಾಣಿಯರು ಇಲ್ಲಿ ಅಪರೂಪ. ಬೇಸಾಯಗಾರರು, ಬೇಡರು, ದಾರಿಹೋಕರು, ಸೊಸೆಯಂದಿರು, ಅತ್ತೆಯಂದಿರು ತುಂಬಿದ್ದಾರೆ. ಮಾತಾಡುವವರು ಹೆಚ್ಚಾಗಿ ಹೆಂಗಸರು.

ಅದರಲ್ಲಿ ಒಂದು ಪದ್ಯ ಹೀಗಿದೆ. ಗೋದಾವರಿ ದಡದ ಪೊದೆಯ ಹತ್ತಿರ ಒಬ್ಬ ಧಾರ್ಮಿಕ ಮನುಷ್ಯ ಓಡಾಡುತ್ತಿರುತ್ತಾನೆ. ಅಲ್ಲಿದ್ದ ಒಂದು ನಾಯಿ ಎಂದರೆ ಅವನಿಗೆ ಹೆದರಿಕೆ. ಒಬ್ಬ ಹೆಂಗಸು ಅವನಿಗೆ ಹೇಳುತ್ತಾಳೆ: ಇನ್ನು ಧೈರ್ಯವಾಗಿ ಓಡಾಡಿ ಸ್ವಾಮಿ, ಆ ನಾಯಿಯನ್ನು ಪೊದೆಯಲ್ಲಿರುವ ಸಿಂಹ ಇವತ್ತು ಕೊಂದು ಹಾಕಿತು.

ಮಾತು ನೋಡಿದರೆ ‘ಓಡಾಡಿ’ ಎಂಬ ಆಹ್ವಾನ. ಆದರೆ ನಾಯಿಗೇ ಹೆದರುವವನು ಸಿಂಹ ಇದೆ ಎಂದ ಮೇಲೆ ಆ ಕಡೆ ತಲೆ ಹಾಕುತ್ತಾನಾ? ಆ ಪೊದೆ ಅವಳೂ ಅವಳ ಗೆಳೆಯನೂ ಸೇರುವ ಜಾಗ. ಇವನನ್ನು ಅಲ್ಲಿಂದ ಓಡಿಸಬೇಕು, ಅಷ್ಟೇ.

ಇನ್ನೊಂದು ಪದ್ಯ ಇದಕ್ಕೆ ತಿರುಗುಮುರುಗು. ಮನೆಯಲ್ಲಿ ತಂಗಲು ಬಂದ ದಾರಿಹೋಕನಿಗೆ ಸೊಸೆ ಹೇಳುತ್ತಾಳೆ: ಅತ್ತೆ ಮಲಗುವುದು ಇಲ್ಲಿ, ನಾನು ಮಲಗುವುದು ಇಲ್ಲಿ. ಹಗಲಲ್ಲೇ ಸರಿಯಾಗಿ ನೋಡಿಕೋ. ನಿನಗೆ ಇರುಳುಗಣ್ಣು, ಕತ್ತಲಲ್ಲಿ ನಮ್ಮ ಹಾಸಿಗೆಯ ಮೇಲೆ ಬಿದ್ದೀಯ! ಮೇಲೆ ನೋಡಿದರೆ ಎಚ್ಚರಿಕೆ, ಒಳಗೆ ನೋಡಿದರೆ ಕರೆ.

ಕೂಡು ಕುಟುಂಬದಲ್ಲಿ ಹೊಸ ಜೋಡಿ ಎಲ್ಲರ ಎದುರಿಗೇ ಮಾತಾಡುವುದನ್ನು ನೆನಪಿಸಿಕೊಳ್ಳಿ. ಮಾತು ಎಲ್ಲರ ಕಿವಿಗೂ ಬೀಳುತ್ತದೆ, ಅರ್ಥ ಮುಟ್ಟುವುದು ಒಬ್ಬರಿಗೆ ಮಾತ್ರ. ಈ ಪದ್ಯಗಳು ಕೆಲಸ ಮಾಡುವುದೂ ಹಾಗೆಯೇ. ಹೇಳಿದ ಮಾತಿನ ಹಿಂದೆ ಹೇಳದ ಮಾತು ಕೇಳಿಸುವುದನ್ನು ನಮ್ಮ ಹಿಂದಿನವರು ‘ಧ್ವನಿ’ ಎಂದು ಕರೆದರು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದನ್ನು ವಿವರಿಸಿದ. ಅದಕ್ಕೆ ಅವನು ಎತ್ತಿಕೊಂಡ ಉದಾಹರಣೆಗಳಲ್ಲಿ ಈ ಎರಡು ಪದ್ಯಗಳೂ ಇವೆ. ಕಾವ್ಯದ ಜೀವ ಎಲ್ಲಿದೆ ಎಂದು ಹುಡುಕಿದ ಅಷ್ಟು ದೊಡ್ಡ ಪಂಡಿತ ಹಳ್ಳಿಯ ಹೆಂಗಸರ ಮಾತಿಗೆ ಬಂದು ನಿಂತದ್ದು ನನಗೆ ತುಂಬ ದೊಡ್ಡ ಸಂಗತಿ ಎನಿಸುತ್ತದೆ.

ಐದು ನೆಲ, ಐದು ಮನಸ್ಸು

ಸುಮಾರು ಹಾಲರಾಜನ ಹೊತ್ತಿಗೇ ತಮಿಳು ನಾಡಿನಲ್ಲಿ ಇನ್ನೊಂದು ಅದ್ಭುತ ವ್ಯವಸ್ಥೆ ಬೆಳೆದಿತ್ತು. ಅದನ್ನು ಸಂಗಂ ಕಾವ್ಯ ಎನ್ನುತ್ತಾರೆ. ಅಲ್ಲಿ ಕವಿತೆಗಳು ಎರಡು ಬಗೆ. ಒಳಗಿನ ಬದುಕಿನವು ‘ಅಗಂ’, ಅಂದರೆ ಪ್ರೀತಿಯ ಕವಿತೆ. ಹೊರಗಿನ ಬದುಕಿನವು ‘ಪುರಂ’, ಅಂದರೆ ಯುದ್ಧ, ದಾನ, ಅರಸರ ಕವಿತೆ.

ಅಗಂ ಕವಿತೆಗೆ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಪ್ರೇಮಿಗಳಿಗೆ ಹೆಸರು ಇಡಬಾರದು. ಅವನು, ಅವಳು, ಅವಳ ಗೆಳತಿ, ತಾಯಿ, ಸಾಕುತಾಯಿ, ಇಷ್ಟೇ. ಹೆಸರಿಲ್ಲದ್ದರಿಂದಲೇ ಅದು ಯಾರ ಕಥೆಯೂ ಆಗಬಹುದು.

ಹೆಸರಿನ ಬದಲು ಅಲ್ಲಿ ನೆಲ ಮಾತಾಡುತ್ತದೆ. ನೆಲವನ್ನು ಐದು ಬಗೆ ಮಾಡಿ, ಒಂದೊಂದಕ್ಕೂ ಪ್ರೀತಿಯ ಒಂದು ಹಂತವನ್ನು ಹೊಂದಿಸಿದ್ದಾರೆ. ಇದಕ್ಕೆ ‘ತಿಣೈ’ ಎಂದು ಹೆಸರು. ಬೆಟ್ಟದ ನೆಲ ಕುರಿಂಜಿ. ಅಲ್ಲಿ ನಡುರಾತ್ರಿ ಪ್ರೇಮಿಗಳು ಕದ್ದು ಸೇರುತ್ತಾರೆ. ಕಾಡು, ಹುಲ್ಲುಗಾವಲಿನ ನೆಲ ಮುಲ್ಲೈ. ಮಳೆ ಬರುವ ಮೊದಲು ವಾಪಸ್ ಬರುತ್ತೇನೆ ಎಂದು ಹೋದ ಗಂಡನಿಗಾಗಿ ಅಲ್ಲಿ ಸಂಜೆ ಹೊತ್ತು ತಾಳ್ಮೆಯಿಂದ ಕಾಯುತ್ತಾಳೆ. ಗದ್ದೆಯ ನೆಲ ಮರುದಂ. ಬೇರೆ ಹೆಣ್ಣಿನ ಮನೆಯಿಂದ ನಸುಕಿನಲ್ಲಿ ಬಂದ ಗಂಡನ ಮೇಲೆ ಅಲ್ಲಿ ಹೆಂಡತಿ ಮುನಿಯುತ್ತಾಳೆ. ಕಡಲ ತೀರ ನೆಯ್ದಲ್. ಅಲ್ಲಿ ಬಾರದವನಿಗಾಗಿ ಹೊಯ್ದಾಟ. ಬಿಸಿಲಿಗೆ ಒಣಗಿದ ಬರಡು ನೆಲ ಪಾಲೈ. ಅಲ್ಲಿ ನಡುಹಗಲು, ಅಗಲಿಕೆ. ಹಣ ಗಳಿಸಲು ಹೊರಟ ಗಂಡ, ಇಲ್ಲವೇ ಪ್ರಿಯನ ಜೊತೆ ಊರು ಬಿಟ್ಟ ಹುಡುಗಿ ಆ ದಾರಿಯಲ್ಲಿ ನಡೆಯುತ್ತಾರೆ. ಮನೆಯಲ್ಲಿ ತಾಯಿ ಅವಳ ಪುಟ್ಟ ಪಾದಗಳನ್ನು ನೆನೆದು ಅಳುತ್ತಾಳೆ.

ಈ ಹೆಸರುಗಳು ಹೆಚ್ಚಾಗಿ ಗಿಡ, ಹೂಗಳ ಹೆಸರುಗಳೇ. ಪಶ್ಚಿಮ ಘಟ್ಟದಲ್ಲಿ 12 ವರ್ಷಕ್ಕೊಮ್ಮೆ ಬೆಟ್ಟವನ್ನೇ ನೀಲಿ ಮಾಡುವ ನೀಲಕುರಿಂಜಿ ನಮಗೂ ಗೊತ್ತು. ಮುಲ್ಲೈ ಮಲ್ಲಿಗೆಯ ಜಾತಿ. ನೆಯ್ದಲ್ ನಮ್ಮ ನೈದಿಲೆ.

ಇದರಿಂದ ಕವಿಗೆ ಏನು ಲಾಭ? ಅವನು ಸುಮ್ನೆ ‘ಗದ್ದೆಯಲ್ಲಿ ಎಮ್ಮೆ ಹೂವನ್ನು ತುಳಿಯಿತು’ ಎಂದರೆ ಸಾಕು. ಮರುದಂ ಗೊತ್ತಿರುವ ಓದುಗನಿಗೆ ಗಂಡ ಏನು ಮಾಡಿ ಬಂದಿದ್ದಾನೆ ಎಂದು ತಿಳಿಯುತ್ತದೆ. ಬೈಗುಳವೇ ಇಲ್ಲದ ಬೈಗುಳ ಅದು.

ಸಂಗಂ ಕವಿತೆಗಳ ಸಂಗ್ರಹಗಳಲ್ಲಿ ‘ಕುರುಂದೊಗೈ’ ಎಂಬುದು ಒಂದು. ಸುಮಾರು 400 ಚಿಕ್ಕ ಕವಿತೆಗಳು. ಅದರ 40ನೆಯ ಕವಿತೆಯಲ್ಲಿ ಒಬ್ಬ ಕೇಳುತ್ತಾನೆ: ನನ್ನ ತಾಯಿಗೂ ನಿನ್ನ ತಾಯಿಗೂ ಏನು ಸಂಬಂಧ? ನನ್ನ ತಂದೆಗೂ ನಿನ್ನ ತಂದೆಗೂ ಯಾವ ನಂಟು? ನಾವಿಬ್ಬರು ಒಬ್ಬರನ್ನೊಬ್ಬರು ಹೇಗೆ ಅರಿತೆವು? ಆದರೂ ಕೆಂಪು ಮಣ್ಣಿಗೆ ಸುರಿದ ಮಳೆನೀರಿನಂತೆ ನಮ್ಮ ಮನಸ್ಸುಗಳು ಬೆರೆತುಹೋದವು.

ಕೆಮ್ಮಣ್ಣಿಗೆ ಬಿದ್ದ ನೀರು ಕೆಂಪಾಗುತ್ತದೆ. ಆಮೇಲೆ ಮಣ್ಣು ಯಾವುದು, ನೀರು ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಇದನ್ನು ಬರೆದ ಕವಿಯ ನಿಜವಾದ ಹೆಸರು ಉಳಿದಿಲ್ಲ. ಈ ಹೋಲಿಕೆಯಿಂದಲೇ ಅವನಿಗೆ ‘ಕೆಮ್ಮಣ್ಣ ಮಳೆನೀರಿನವನು’ ಎಂಬ ಅರ್ಥದ ಹೆಸರು ಬಂತು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1967ರಲ್ಲಿ ಇಂಥ ಅಗಂ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಅಲ್ಲಿಂದ ಇವು ಜಗತ್ತಿನ ಓದುಗರನ್ನು ಮುಟ್ಟಿದವು.

ಕೂಡಿದ್ದಕ್ಕಿಂತ ಅಗಲಿದ್ದೇ ಯಾಕೆ ಜಾಸ್ತಿ?

ಪ್ರೇಮಕವಿತೆ ಓದುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಜೊತೆಗಿರುವವರಿಗಿಂತ ದೂರ ಇರುವವರ ಕವಿತೆಗಳೇ ಜಾಸ್ತಿ.

ಭರತನ ‘ನಾಟ್ಯಶಾಸ್ತ್ರ’ ಎಂಟು ರಸಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ಶೃಂಗಾರ. ರಸ ಎಂದರೆ ಕವಿಯ ಸ್ವಂತ ಭಾವನೆ ಅಲ್ಲ. ಪಾತ್ರಗಳ ಪ್ರೀತಿ, ಅದಕ್ಕೆ ಒದಗಿದ ಸನ್ನಿವೇಶ, ಮುಖದ ಬಣ್ಣ, ಕಣ್ಣಿನ ಚಲನೆ, ಇವೆಲ್ಲ ಸೇರಿ ನೋಡುವವನಲ್ಲಿ, ಓದುವವನಲ್ಲಿ ಹುಟ್ಟಿಸುವ ಸವಿ ಅದು. ಶೃಂಗಾರದಲ್ಲಿ ಎರಡು ಬಗೆ. ಕೂಡಿರುವಾಗ ಸಂಭೋಗ, ಅಗಲಿರುವಾಗ ವಿಪ್ರಲಂಭ. ವಿಪ್ರಲಂಭದಲ್ಲಿ ಮನಸ್ಸು ಹೆಚ್ಚು ಕರಗುತ್ತದೆ, ಆದ್ದರಿಂದ ಸವಿಯೂ ಹೆಚ್ಚು ಎಂದು ಆನಂದವರ್ಧನ ಹೇಳುತ್ತಾನೆ.

ಇದಕ್ಕೆ ಬದುಕಿನ ಕಾರಣವೂ ಇದೆ. ಹಿಂದೆ ವ್ಯಾಪಾರಿಗಳು, ಸೈನಿಕರು ಒಣಗಾಲದಲ್ಲಿ ಊರು ಬಿಡುತ್ತಿದ್ದರು. ಮಳೆ ಶುರುವಾದರೆ ಹೊಳೆ ತುಂಬಿ, ದಾರಿ ಕೆಸರಾಗಿ ಪ್ರಯಾಣ ನಿಲ್ಲುತ್ತಿತ್ತು. ಹಾಗಾಗಿ ಮಳೆಗಾಲ ಎಂದರೆ ಮನೆಗೆ ಮರಳುವ ಕಾಲ. ಮೋಡ ಕಟ್ಟಿದರೂ ಅವನು ಬಂದಿಲ್ಲ ಎಂದರೆ ಅವಳ ಎದೆ ಒಡೆಯುತ್ತದೆ. ಭಾರತದ ಪ್ರೇಮಕವಿತೆಯಲ್ಲಿ ಮಳೆ ಇಷ್ಟು ಸುರಿಯುವುದಕ್ಕೆ ಇದೇ ಹಿನ್ನೆಲೆ. ನಮ್ಮ ಸಿನಿಮಾ ಹಾಡುಗಳಲ್ಲಿ ಇವತ್ತಿಗೂ ಮಳೆ ನಿಂತಿಲ್ಲ, ಅಲ್ವಾ?

ಕಾಳಿದಾಸನ ‘ಮೇಘದೂತ’ ಇದರ ಶಿಖರ. ಕೆಲಸದಲ್ಲಿ ತಪ್ಪು ಮಾಡಿದ ಒಬ್ಬ ಯಕ್ಷನಿಗೆ ಒಂದು ವರ್ಷ ಹೆಂಡತಿಯಿಂದ ದೂರ ಇರುವ ಶಾಪ. ರಾಮಗಿರಿಯಲ್ಲಿ ಎಂಟು ತಿಂಗಳು ಕಳೆದಿದ್ದಾನೆ. ಆಷಾಢದ ಆರಂಭದಲ್ಲಿ ಬೆಟ್ಟಕ್ಕೆ ಒತ್ತಿ ನಿಂತ ಮೋಡವನ್ನು ಕಂಡು, ಹಿಮಾಲಯದ ಅಲಕೆಯಲ್ಲಿರುವ ಹೆಂಡತಿಗೆ ಸುದ್ದಿ ಮುಟ್ಟಿಸು ಎಂದು ಬೇಡುತ್ತಾನೆ. ಇದರ ಛಂದಸ್ಸು ಮಂದಾಕ್ರಾಂತ. ಒಂದು ಸಾಲಿಗೆ 17 ಅಕ್ಷರ. ಮೊದಲ ನಾಲ್ಕೂ ದೀರ್ಘವಾಗಿ ಎಳೆಯುವ ಗುರುಗಳು. ಆಮೇಲೆ ಐದು ಲಘುಗಳು ಬೇಗ ಬೇಗ ಓಡುತ್ತವೆ. ಭಾರವಾದ ಮೋಡ ಮೊದಲು ಅಲುಗದೆ ನಿಂತು ಆಮೇಲೆ ತೇಲಿದ ಹಾಗೆ ಕಿವಿಗೆ ಕೇಳುತ್ತದೆ. ಬೇಂದ್ರೆಯವರು ಈ ಕಾವ್ಯವನ್ನು ಕನ್ನಡಕ್ಕೆ ತಂದಿದ್ದಾರೆ.

ಕನ್ನಡದಲ್ಲಿ: ಹೊಗೆ, ಹಾಡು, ಗಿಳಿ

ಕ್ರಿ.ಶ. 941ರಲ್ಲಿ ಪಂಪ ‘ಆದಿಪುರಾಣ’ ಬರೆದ. ಅದು ಮೊದಲ ತೀರ್ಥಂಕರನ ಕಥೆ, ಭೋಗದಿಂದ ತ್ಯಾಗದ ಕಡೆಗೆ ಹೋಗುವ ಕಥೆ. ಆದರೂ ಅದರಲ್ಲಿ ಕನ್ನಡದ ಅತಿ ಗಾಢವಾದ ಪ್ರೇಮದ ಚಿತ್ರವೊಂದಿದೆ. ಜನ್ಮ ಜನ್ಮಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದ ಜೋಡಿ ಈಗ ವಜ್ರಜಂಘ, ಶ್ರೀಮತಿಯಾಗಿ ಹುಟ್ಟಿದ್ದಾರೆ. ಒಂದು ರಾತ್ರಿ ಮಲಗುವ ಕೋಣೆಯಲ್ಲಿ ಧೂಪ ಹಾಕಿದ್ದಾರೆ. ಕಿಟಕಿ ತೆರೆಯುವುದು ಮರೆತುಹೋಗಿದೆ. ಹೊಗೆ ಸುತ್ತಿಕೊಂಡರೂ ಇಬ್ಬರೂ ತೋಳು ಸಡಿಲಿಸಲಿಲ್ಲ, ಒಟ್ಟಿಗೇ ಪ್ರಾಣ ಬಿಟ್ಟರು. ಒಲಿದವರಿಗೆ ಜೊತೆಯಲ್ಲೇ ಸಾಯಲು ಸಿಕ್ಕಿತು, ಇದಕ್ಕಿಂತ ದೊಡ್ಡ ಪುಣ್ಯ ಉಂಟೇ ಎಂದು ಪಂಪ ಕೇಳುತ್ತಾನೆ. ಸುಖಕ್ಕೆಂದು ಇಟ್ಟ ಧೂಪವೇ ಸಾವು ತಂದಿತು ಎಂಬ ಜೈನ ಪಾಠ ಅಲ್ಲಿ ಇದ್ದೇ ಇದೆ. ಆದರೆ ಪಂಪನೊಳಗಿನ ಕವಿ ಆ ತೋಳುಗಳನ್ನು ಬಿಡಿಸಲು ಒಪ್ಪಲಿಲ್ಲ.

1209ರಲ್ಲಿ ಜನ್ನ ‘ಯಶೋಧರ ಚರಿತೆ’ಯಲ್ಲಿ ಪ್ರೀತಿಯ ಇನ್ನೊಂದು ಮುಖ ತೋರಿಸಿದ. ರಾಣಿ ಅಮೃತಮತಿ ರಾತ್ರಿ ಕೇಳಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವುತ. ಕಣ್ಣು ಕಾಣುವ ಮೊದಲೇ ಕಿವಿ ಒಲಿದುಬಿಟ್ಟಿದೆ. ಧರ್ಮದ ದೃಷ್ಟಿಯಿಂದ ಜನ್ನ ಅವಳನ್ನು ಖಂಡಿಸುತ್ತಾನೆ. ಆದರೂ ಓದುಗರು ಅವಳನ್ನು ಮರೆತಿಲ್ಲ.

ಪಂಪ, ಜನ್ನ ಇವರಿಬ್ಬರ ನಡುವೆ, 12ನೆಯ ಶತಮಾನದಲ್ಲಿ, ಅಕ್ಕಮಹಾದೇವಿ. ಅವಳ ಗಂಡ ಚೆನ್ನಮಲ್ಲಿಕಾರ್ಜುನ, ಶ್ರೀಶೈಲದ ದೇವರು. ಚಿಲಿಪಿಲಿಗುಟ್ಟುವ ಗಿಳಿಗಳನ್ನು, ಕೋಗಿಲೆಗಳನ್ನು, ದುಂಬಿಗಳನ್ನು, ಹಂಸಗಳನ್ನು, ನವಿಲುಗಳನ್ನು ಅವಳು ಕೇಳುತ್ತಾಳೆ, ನೀವು ಅವನನ್ನು ಕಂಡಿರಾ ಎಂದು. ವಿರಹಿ ಕಾಡಿನ ಹಕ್ಕಿಗಳನ್ನು ಕೇಳುವುದು ಲೌಕಿಕ ಪ್ರೇಮಕಾವ್ಯದ ಹಳೆಯ ದಾರಿ. ಅಕ್ಕ ಅದೇ ದಾರಿಯಲ್ಲಿ ದೇವರ ಕಡೆ ನಡೆದಳು.

ಪುಸ್ತಕ ಸೇರದ ಪ್ರೀತಿಯ ಹಾಡುಗಳೂ ಇದ್ದವು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಮೂರು ಸಾಲಿನ ತ್ರಿಪದಿಗಳವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ತವರು, ಅಣ್ಣ, ಕೂಸು, ಗಂಡ ಎಲ್ಲರ ಮೇಲಿನ ಒಲವೂ ಅಲ್ಲಿ ಒಂದೇ ಉಸಿರಿನಲ್ಲಿದೆ.

‘ನಾನು’ ಬಂದ ಕಾಲ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ರೊಮ್ಯಾಂಟಿಕ್ ಕಾವ್ಯ’ ಎಂದರೆ ಬರೀ ಪ್ರೇಮಕವಿತೆ ಅಲ್ಲ. 18ನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಹುಟ್ಟಿದ ಒಂದು ಚಳವಳಿಗೆ ಆ ಹೆಸರು. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ ಕವನ ಸಂಕಲನವನ್ನು ಇಂಗ್ಲಿಷಿನಲ್ಲಿ ಅದರ ಮೈಲಿಗಲ್ಲು ಎನ್ನುತ್ತಾರೆ. ಜನಸಾಮಾನ್ಯರ ಮಾತು, ಪ್ರಕೃತಿ, ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಸ್ವಂತ ಭಾವನೆ, ಇವು ಅವರಿಗೆ ಮುಖ್ಯ. ಪ್ರೀತಿ ಅದರಲ್ಲಿ ಒಂದು ಭಾಗ. ಕನ್ನಡದಲ್ಲಿ ಇದನ್ನು ‘ರಮ್ಯ’ ಎಂದು ಕರೆದರು.

ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ಆ ಗಾಳಿ ಕನ್ನಡಕ್ಕೆ ಜೋರಾಗಿ ಬೀಸಿದ್ದು ಆಗ. ಹಳೆಯ ಕಾವ್ಯದಲ್ಲಿ ನಾಯಕ, ನಾಯಿಕೆ ಮಾತಾಡುತ್ತಿದ್ದರು, ಕವಿ ಹಿಂದೆ ನಿಲ್ಲುತ್ತಿದ್ದ. ಹೊಸ ಭಾವಗೀತೆಯಲ್ಲಿ ‘ನಾನು’ ಎಂಬ ಕವಿಯೇ ಮುಂದೆ ಬಂದ. 1932ರಲ್ಲಿ ತೀ.ನಂ. ಶ್ರೀಕಂಠಯ್ಯನವರ ಪ್ರೇಮಕವಿತೆಗಳ ಸಂಕಲನ ‘ಒಲುಮೆ’ ಬಂತು, 1942ರಲ್ಲಿ ‘ರಾಯರು ಬಂದರು’ ಹಾಡಿರುವ ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’.

‘ಮೈಸೂರು ಮಲ್ಲಿಗೆ’ಯ ಪ್ರೀತಿ ಮದುವೆಯಾದವರ ಪ್ರೀತಿ. ಕದ್ದು ಸೇರುವವರ ಕಥೆಯಲ್ಲ, ದಿನದ ಮನೆಯ ಕಥೆ. ಅದು ಹೊಸದು. ಆದರೆ ಬೇರು ಎಷ್ಟು ಆಳದಲ್ಲಿದೆ ನೋಡಿ. ಬಳೆಗಾರ ಚೆನ್ನಯ್ಯ ಒಂದು ಮನೆಯ ಬಾಗಿಲಿಗೆ ಬಂದು ಒಳಗೆ ಬರಬಹುದೇ ಎಂದು ಕೇಳುತ್ತಾನೆ. ಅವನು ಬಂದದ್ದು ಬಳೆ ತೊಡಿಸಲು ಅಲ್ಲ. ನವಿಲೂರ ತವರಿನಲ್ಲಿರುವ ಹೆಂಡತಿಯ ಕಡೆಯಿಂದ ಗಂಡನಿಗೆ ಸುದ್ದಿ ತಂದಿದ್ದಾನೆ. ಸಂಗಂ ಕವಿತೆಯಲ್ಲಿ ಗೆಳತಿ ಮಾಡುತ್ತಿದ್ದ ಕೆಲಸ, ಕಾಳಿದಾಸನಲ್ಲಿ ಮೋಡ ಮಾಡಿದ ಕೆಲಸ, ಮಂಡ್ಯದ ಕಡೆಯ ಹಳ್ಳಿಯಲ್ಲಿ ಬಳೆಗಾರನ ಪಾಲಿಗೆ ಬಂದಿದೆ. ಊರೂರು ಸುತ್ತುವವನು, ಹೆಂಗಸರ ಕೈ ಹಿಡಿದು ಬಳೆ ತೊಡಿಸಲು ಮನೆಯೊಳಗೆ ಹೋಗಬಲ್ಲವನು ಅವನೊಬ್ಬನೇ ತಾನೇ? ದೂತನನ್ನು ಇದಕ್ಕಿಂತ ಸರಿಯಾಗಿ ಆರಿಸಲು ಸಾಧ್ಯವೇ ಇರಲಿಲ್ಲ.

ಗಜಲ್: ಇನ್ನೊಂದು ಬೇರು

ಗಜಲ್ ಹುಟ್ಟಿದ್ದು ಅರಬ್ಬಿಯಲ್ಲಿ, ಅರಳಿದ್ದು ಪರ್ಷಿಯನ್ನಿನಲ್ಲಿ, ಅಲ್ಲಿಂದ ಬಂದದ್ದು ಉರ್ದುವಿಗೆ. ಅದರ ಘಟಕ ಎರಡು ಸಾಲಿನ ‘ಶೇರ್’. ಒಂದೊಂದು ಶೇರ್ ಸ್ವತಂತ್ರ, ಮುಂದಿನದಕ್ಕೆ ಕಥೆಯಾಗಿ ಬೆಸೆಯಬೇಕಿಲ್ಲ. ಪ್ರತಿ ಶೇರಿನ ಕೊನೆಗೆ ಮರಳಿ ಬರುವ ಪದ ‘ರದೀಫ್’, ಅದರ ಹಿಂದಿನ ಪ್ರಾಸ ‘ಕಾಫಿಯಾ’. ಕೊನೆಯ ಶೇರಿನಲ್ಲಿ ಕವಿ ತನ್ನ ಹೆಸರನ್ನು ಸೇರಿಸುವುದುಂಟು. ದೀಪ ಮತ್ತು ಪತಂಗ, ಗುಲಾಬಿ ಮತ್ತು ಬುಲ್‌ಬುಲ್, ಮಧು ಬಡಿಸುವ ಸಾಕಿ, ಇವು ಅದರ ಒಪ್ಪಂದದ ಗುರುತುಗಳು. ಪ್ರಿಯೆ ಎಂದದ್ದು ಮನುಷ್ಯಳಿಗೋ ದೇವರಿಗೋ ಎಂದು ಬಿಡಿಸಿ ಹೇಳದೆ ಇರುವುದೇ ಅದರ ಸೊಗಸು.

ಇದು ನಮಗೆ ದೂರದ್ದಲ್ಲ. ಉರ್ದುವಿನ ಹಳೆಯ ರೂಪವಾದ ದಖನಿ ಬೆಳೆದ ಊರುಗಳಲ್ಲಿ ಕಲಬುರಗಿ, ಬೀದರ, ವಿಜಯಪುರ ಇವೆ. ಆ ಸೀಮೆಯ ಕನ್ನಡ ಕವಿಗಳು, ರಾಯಚೂರಿನ ಶಾಂತರಸ, ಎಚ್.ಎಸ್. ಮುಕ್ತಾಯಕ್ಕ ಅವರಂಥವರು, ಗಜಲನ್ನು ಕನ್ನಡದಲ್ಲಿ ಬೇರೂರಿಸಿದರು.

ಓದುವಾಗ ಏನು ಕೇಳಿಕೊಳ್ಳಬೇಕು?

ಮೊದಲು ಕೇಳಬೇಕಾದದ್ದು: ಯಾರು ಮಾತಾಡುತ್ತಿದ್ದಾರೆ, ಯಾರಿಗೆ? ಮತ್ತೆ ಇನ್ಯಾರ ಕಿವಿಗೆ ಬೀಳಲಿ ಎಂದು? ಗಾಥೆಯ ಸೊಸೆಯ ಮಾತನ್ನು ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಊಹಿಸದಿದ್ದರೆ ಆ ಪದ್ಯ ಇಲ್ಲವೇ ಇಲ್ಲ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಇದಕ್ಕೆ ದೊಡ್ಡ ಸಾಕ್ಷಿ. ಮೊದಲ ಸಾಲು ಮಾತ್ರ ಕೇಳಿದವರು ಅದನ್ನು ಪ್ರೇಮಿಗಳ ಸರಸ ಎಂದುಕೊಳ್ಳುತ್ತಾರೆ. ಆದರೆ ಅಲ್ಲಿ ಮಾತಾಡುತ್ತಿರುವವನು ಮಗುವನ್ನು ಕಳೆದುಕೊಂಡ ತಂದೆ. ನೋಡುತ್ತಿರುವವಳು ಆ ಮಗುವಿನ ತಾಯಿ. ಇಷ್ಟು ತಿಳಿದ ಮೇಲೆ ಅದೇ ಸಾಲು ತೀರ ಬೇರೆಯಾಗಿ ಕೇಳುತ್ತದೆ. ನನ್ನ ಮಟ್ಟಿಗೆ ಕನ್ನಡದ ಅತಿ ದೊಡ್ಡ ಪ್ರೇಮಕವಿತೆಗಳಲ್ಲಿ ಅದೂ ಒಂದು, ಏಕೆಂದರೆ ದುಃಖವನ್ನು ಹಂಚಿಕೊಳ್ಳಲಾಗದೆ ಒದ್ದಾಡುವ ಗಂಡ ಹೆಂಡಿರ ಒಲವು ಅಲ್ಲಿದೆ.

ಎರಡನೆಯದು, ಗಟ್ಟಿಯಾಗಿ ಓದುವುದು. ಇವುಗಳಲ್ಲಿ ಹೆಚ್ಚಿನವು ಹಾಡಲು, ಕೇಳಲು ಹುಟ್ಟಿದವು. ಬೇಂದ್ರೆಯವರ ಧಾರವಾಡದ ಮಾತಿನ ಲಯ ಕಣ್ಣೋದಿಗೆ ಸಿಗುವುದಿಲ್ಲ, ನಾಲಗೆಗೆ ಸಿಗುತ್ತದೆ.

ಶುರು ಮಾಡುವವರಿಗೆ ‘ಮೈಸೂರು ಮಲ್ಲಿಗೆ’ ಸುಲಭ. ಅದರ ಪಕ್ಕದಲ್ಲಿ ‘ಗರತಿಯ ಹಾಡು’ ಇಟ್ಟುಕೊಂಡರೆ ಎರಡೂ ಇನ್ನಷ್ಟು ತೆರೆದುಕೊಳ್ಳುತ್ತವೆ. ಪಂಪನನ್ನು ಗದ್ಯಾನುವಾದದ ಜೊತೆ ಓದಿ, ಹಳಗನ್ನಡಕ್ಕೆ ಹೆದರಬೇಕಿಲ್ಲ. ರಸ, ಧ್ವನಿಯ ಬಗ್ಗೆ ಇನ್ನೂ ತಿಳಿಯಬೇಕು ಅನಿಸಿದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ. ಒಂದೇ ಸಲಕ್ಕೆ ಹತ್ತಾರು ಪದ್ಯ ಓದುವುದು ಬೇಡ. ಗಾಥೆಯಾಗಲಿ ಶೇರ್ ಆಗಲಿ, ಎರಡು ಸಾಲಿನ ಪದ್ಯಕ್ಕೆ ಒಂದು ಸಂಜೆ ಕೊಟ್ಟರೂ ಜಾಸ್ತಿ ಆಗುವುದಿಲ್ಲ.